ಚೀಟಿ ಇದೆ, ದಿನಸಿ ಎಲ್ಲಿ?

ಬಿಲ್ಡ್ (ಕೋಡಿನಿಂದ ಓಡುವ ಸಾಫ್ಟ್‌ವೇರ್ ಕಟ್ಟುವ ಕೆಲಸ) ಕೆಟ್ಟಿದೆ ಅಂತ ಯಾರಾದರೂ ಕರೆದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನೀವು ಬಳಸುವ ಪ್ಯಾಕೇಜುಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ಪ್ರತಿ ನಿಮ್ಮ ಹತ್ತಿರ ಇದೆಯಾ? ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಲಾಕ್ ಫೈಲ್ ಇದೆ ಸರ್, ನಮ್ಮ ಕೋಡ್ ಇಡೋ ಗಿಟ್‌ಗೇ ಹಾಕಿದೀವಿ." ಕೇಳಿ ಕೇಳಿ ಸಾಕಾಗಿದೆ. ಅದಕ್ಕೆ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ನಿಮ್ಮ ಪ್ಯಾಕೇಜ್-ಲಾಕ್ ಫೈಲನ್ನು ಒಮ್ಮೆ ತೆರೆದು ನೋಡಿ. ಒಂದೊಂದು ಪ್ಯಾಕೇಜಿಗೂ ಹೆಸರು, ವರ್ಷನ್, ಎಲ್ಲಿಂದ ತರಬೇಕು ಅನ್ನುವ ವಿಳಾಸ, ಮತ್ತೆ ಒಂದು ಉದ್ದನೆ ಹ್ಯಾಶ್, ಅಂದರೆ ಆ ಪ್ಯಾಕೇಜಿನ ಬೆರಳಚ್ಚಿನಂಥ ಗುರುತು, ಇರುತ್ತೆ. ಕೋಡ್ ಇರಲ್ಲ. ಮನೆಯಲ್ಲಿ ಬರೆಯುವ ಸಾಮಾನಿನ ಚೀಟಿ ಇದ್ದ ಹಾಗೆ. ಸೋನಾ ಮಸೂರಿ 5 ಕೆಜಿ, ಇಂಥದ್ದೇ ಬ್ರಾಂಡು, ಇಂಥದ್ದೇ ಅಂಗಡಿ, ಎಲ್ಲಾ ಚೊಕ್ಕವಾಗಿ ಬರೆದಿದೆ. ಅಂಗಡಿ ಬಾಗಿಲು ಹಾಕಿದ್ದರೆ ಚೀಟಿ ಇಟ್ಟುಕೊಂಡು ಅನ್ನ ಮಾಡಕ್ಕಾಗಲ್ಲ, ಅಲ್ವಾ?

2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಕಥೆ ಆಯಿತು. ಹೆಸರಿನ ಜಗಳದಲ್ಲಿ ಬೇಸತ್ತ ಲೇಖಕ ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂನಿಂದ, ಅಂದರೆ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರದಿಂದ, ತೆಗೆದುಬಿಟ್ಟ. ಅದರಲ್ಲಿ ಲೆಫ್ಟ್-ಪ್ಯಾಡ್ ಅನ್ನುವ 11 ಸಾಲಿನ ಒಂದು ಪುಟ್ಟ ಪ್ಯಾಕೇಜನ್ನು ಬೇಬಲ್‌ನಂಥ ದೊಡ್ಡ ಸಲಕರಣೆಗಳೂ ನೆಚ್ಚಿಕೊಂಡಿದ್ದವು. ಊರೂರಲ್ಲಿ ಬಿಲ್ಡ್ ನಿಂತುಹೋಯಿತು. ಆಮೇಲೆ ಎನ್‌ಪಿಎಂ ನಿಯಮ ಬಿಗಿ ಮಾಡಿದ್ದು ನಿಜ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಬೇರೆ ಯಾವ ಪ್ಯಾಕೇಜೂ ಅದನ್ನು ಬಳಸದೆ, ವಾರಕ್ಕೆ 300ಕ್ಕಿಂತ ಕಡಿಮೆ ಡೌನ್‌ಲೋಡ್ ಇದ್ದು, ಒಬ್ಬರೇ ಮಾಲೀಕರಾಗಿದ್ದರೆ ಹಳೇ ಪ್ಯಾಕೇಜನ್ನೂ ತೆಗೆಯಬಹುದು.

ನಮ್ಮ ಗ್ರಾಹಕರೊಬ್ಬರು ಸಿಕ್ಕಿಬಿದ್ದಿದ್ದು ಸರಿಯಾಗಿ ಅಲ್ಲೇ. ಗೋದಾಮಿನಲ್ಲಿ ಬಾರ್‌ಕೋಡ್ ಚೀಟಿ ಮುದ್ರಿಸುವ ಹಳೇ ಪ್ರಾಜೆಕ್ಟು. ಒಂದು ಸಾಲು ಬದಲಿಸಿ ರಾತ್ರಿಯೇ ಬಿಡುಗಡೆ ಮಾಡಬೇಕಿತ್ತು. ಬಿಲ್ಡನ್ನು ತಾನಾಗಿ ಓಡಿಸುವ ಸಿಐ ಮಷೀನ್ ಪ್ರತಿ ಸಲ ಖಾಲಿಯಿಂದ ಶುರುವಾಗುತ್ತೆ, ಎನ್‌ಪಿಎಂ ಹತ್ತಿರ ಒಂದು ಪ್ಯಾಕೇಜ್ ಕೇಳಿತು, 404 ಬಂತು, ಅಂದರೆ ಅದು ಅಲ್ಲಿ ಇಲ್ಲ. ತಂಡದ ಹುಡುಗಿಯೊಬ್ಬಳು ರಾತ್ರಿ ಎರಡರವರೆಗೆ ಲಾಕ್ ಫೈಲನ್ನೇ ತಿದ್ದುತ್ತಾ ಕೂತಿದ್ದಳು, ಪಾಪ. ಬೆಳಿಗ್ಗೆ ಹೋಗಿ ನಾನು ಕೇಳಿದ್ದು, ಹಳೇ ಲ್ಯಾಪ್‌ಟಾಪ್ ಯಾವುದಾದರೂ ಇದೆಯಾ ಅಂತ. ಕಪಾಟಿನಲ್ಲಿ ಒಂದಿತ್ತು. ಅದರ ಎನ್‌ಪಿಎಂ ಕ್ಯಾಶ್ ಫೋಲ್ಡರಿನಲ್ಲಿ, ಅಂದರೆ ಹಿಂದೆ ಇಳಿಸಿದ್ದು ಉಳಿದಿರುವ ಜಾಗದಲ್ಲಿ, ಆ ಪ್ಯಾಕೇಜ್ ಹಾಗೇ ಕೂತಿತ್ತು, ಹ್ಯಾಶ್ ಕೂಡ ಲಾಕ್ ಫೈಲಿಗೆ ಅಕ್ಷರ ಅಕ್ಷರ ಹೊಂದಿತು. ಚೀಟಿಯ ನಿಜವಾದ ಬೆಲೆ ಇದು. ಬಂದ ಸಾಮಾನು ನಾವು ಕೇಳಿದ್ದೇನಾ ಅಂತ ತಾಳೆ ನೋಡಕ್ಕೆ ಅದು ಬೇಕೇ ಬೇಕು. ಅದನ್ನು ಬಿಸಾಡಿ ಅಂತ ನಾನು ಹೇಳ್ತಿಲ್ಲ.

ಹಾಗಾದರೆ ಏನು ಮಾಡಬೇಕು? ನಿಮಗೂ ಎನ್‌ಪಿಎಂಗೂ ನಡುವೆ ನಿಮ್ಮದೇ ಒಂದು ಪ್ರಾಕ್ಸಿ, ಅಂದರೆ ಪ್ಯಾಕೇಜು ತಂದುಕೊಡುವ ಮಧ್ಯವರ್ತಿ ಸರ್ವರ್, ಇಡಿ. ನೆಕ್ಸಸ್, ಆರ್ಟಿಫ್ಯಾಕ್ಟರಿ, ಎನ್‌ಪಿಎಂ ಮಾತ್ರ ಸಾಕಾದರೆ ವರ್ಡಾಚಿಯೊ. ಒಮ್ಮೆ ತಂದಿದ್ದನ್ನು ಅದು ಇಟ್ಟುಕೊಳ್ಳುತ್ತೆ. ಇಬ್ಬರೇ ಇರುವ ತಂಡಕ್ಕೆ ಇದು ಜಾಸ್ತಿ ಆಗಬಹುದು, ಅವರಿಗೆ ಟಾರ್‌ಬಾಲ್‌ಗಳನ್ನು (ಪ್ಯಾಕೇಜನ್ನು ಗಂಟು ಕಟ್ಟಿದ ಫೈಲುಗಳನ್ನು) ಬೇರೆ ಕಡೆ ಎತ್ತಿಟ್ಟರೂ ಸಾಕಾಗಬಹುದು, ನಿಮ್ಮ ಪರಿಸ್ಥಿತಿ ನೋಡಿಕೊಳ್ಳಿ. ಮತ್ತೆ ಒಂದು ಎಚ್ಚರ. ಕೆಟ್ಟ ಕೋಡ್ ಸೇರಿರುವ ವರ್ಷನ್ ಬಂದರೆ ಪ್ರಾಕ್ಸಿ ಅದನ್ನೂ ಅಷ್ಟೇ ಜೋಪಾನವಾಗಿ ಇಟ್ಟುಕೊಳ್ಳುತ್ತೆ. ಹಳೇದನ್ನು ತಾನಾಗಿ ಅಳಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ನೋಡಿ. ಬೇಕಾದ ದಿನವೇ ಇರಲ್ಲ.

ಪ್ರಾಕ್ಸಿ ಇಟ್ಟಿದ್ದೇವೆ ಅಂತ ಸುಮ್ನೆ ನಂಬಬೇಡಿ. ಕ್ಯಾಶ್ ಖಾಲಿ ಇರುವ ಮಷೀನಿನಲ್ಲಿ, ಪ್ರಾಕ್ಸಿ ಬಿಟ್ಟು ಹೊರಗಿನ ದಾರಿಯನ್ನೆಲ್ಲ ಮುಚ್ಚಿ ಬಿಲ್ಡ್ ಓಡಿಸಿ. ಪ್ರಾಕ್ಸಿಯೂ ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಮಾಡಬೇಡಿ, ಅಲ್ಲಿ ಹಳೇ ಕ್ಯಾಶ್ ನಿಮ್ಮನ್ನು ಮೋಸ ಮಾಡುತ್ತೆ. ಆ ಹುಡುಗಿ ಇದನ್ನು ಮಾಡಿ ಎರಡು ದಿನದ ಮೇಲೆ ಮೆಸೇಜ್ ಹಾಕಿದಳು. "ಸರ್, ಎರಡು ಪ್ಯಾಕೇಜು ಕದ್ದು ಹೊರಗೆ ಹೋಗ್ತಿದ್ವು. ಒಂದು ನೇರ ಗಿಟ್ ವಿಳಾಸ. ಇನ್ನೊಂದು ಬ್ರೌಸರನ್ನ ಕೋಡಿನಿಂದ ಓಡಿಸೋ ಪಪಟಿಯರ್, ಇನ್‌ಸ್ಟಾಲ್ ಆಗುವಾಗ ತಾನೇ ಕ್ರೋಮ್ ಇಳಿಸ್ಕೊಳ್ತಿತ್ತು."