ಕೋಳಿಯ ಕೀವು ಸೋರುವುದಿಲ್ಲ

ನಾಯಿ ಬಾಯಿಂದ ಬಿಡಿಸಿದ ನಾಟಿ ಕೋಳಿ ಎದ್ದು ನಿಂತು ನಾಲ್ಕು ಕಾಳು ಹೆಕ್ಕಿದರೆ ಸಾಕು, ಮನೆಯವರಿಗೆಲ್ಲ ನಿರಾಳ. ಒಂದಿಷ್ಟು ಪುಕ್ಕ ಹೋಗಿದೆ, ರಕ್ತ ಜಾಸ್ತಿ ಬಂದಿಲ್ಲ, ಅರಿಸಿನ ಮೆತ್ತಿ ಮಂಕರಿ ಕವುಚಿದ್ದಾಯಿತು. ಮೂರನೇ ದಿನ ಕೋಳಿ ಸತ್ತರೆ, ಯಾರದೋ ದೃಷ್ಟಿ ತಾಗಿತು ಅಂತಲೋ ನಾಯಿ ನಂಜು ಏರಿತು ಅಂತಲೋ ಮಾತು ಮುಗಿಯುತ್ತದೆ. ದೃಷ್ಟಿಯನ್ನು ಬಿಡಿ. ನಂಜಿನ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ.

ಕೋರೆಹಲ್ಲು ಮಾಡುವ ತೂತು ಸಣ್ಣದು, ಆದರೆ ಆಳ. ಕೋಳಿಯ ಚರ್ಮ ತೆಳು, ಮಾಂಸಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಹಲ್ಲು ಹೊರಬಂದ ಕೂಡಲೇ ಚರ್ಮ ಪಕ್ಕಕ್ಕೆ ಸರಿದು ಒಳಗಿನ ತೂತನ್ನು ಮುಚ್ಚುತ್ತದೆ. ಮೇಲೆ ಪುಕ್ಕದ ಹೊದಿಕೆ ಬೇರೆ. ಜೊಲ್ಲು ಒಳಗೇ ಉಳಿಯುತ್ತದೆ. ಅದರಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಪಾಸ್ಟುರೆಲ್ಲ ಅವುಗಳಲ್ಲೊಂದು. ನಾಯಿಯ ಬಾಯಲ್ಲಿ ಅದು ಯಾರಿಗೂ ತೊಂದರೆ ಕೊಡದೆ ಬದುಕುತ್ತದೆ.

ಈ ಗುಂಪಿಗೂ ಕೋಳಿಗೂ ಹಳೆಯ ನಂಟಿದೆ. ಕೋಳಿಗಳ ಕಾಲರಾ ತರುವುದು ಪಾಸ್ಟುರೆಲ್ಲದ್ದೇ ಒಂದು ಜಾತಿ. 1880ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಸ್ಟರ್ ಇದರ ಮೇಲೆ ಕೆಲಸ ಮಾಡುತ್ತಿದ್ದರು. ಬಹಳ ದಿನ ಇಟ್ಟು ಹಳತಾದ ರೋಗಾಣುವನ್ನು ಚುಚ್ಚಿದರೆ ಕೋಳಿಗಳು ಮಂಕಾಗಿ ಆಮೇಲೆ ಚೇತರಿಸಿಕೊಂಡವು. ಅವೇ ಕೋಳಿಗಳಿಗೆ ತಾಜಾ ರೋಗಾಣು ಚುಚ್ಚಿದರೂ ಅವು ಸಾಯಲಿಲ್ಲ! ಪ್ರಯೋಗಾಲಯದಲ್ಲಿ ಬಲ ಕುಂದಿಸಿದ ರೋಗಾಣುವನ್ನೇ ಲಸಿಕೆಯಾಗಿ ಬಳಸುವ ದಾರಿ ತೆರೆದದ್ದು ಹೀಗೆ. 1885ರಲ್ಲಿ ನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ರೇಬಿಸ್ ಲಸಿಕೆ ಕೊಟ್ಟವರೂ ಇದೇ ಪಾಸ್ಟರ್. ಅಂದಹಾಗೆ, ರೇಬಿಸ್ ಸಸ್ತನಿಗಳ ಕಾಯಿಲೆ. ನಾಯಿ ಕಚ್ಚಿದ ಕೋಳಿಗೆ ಹುಚ್ಚು ಹಿಡಿಯುತ್ತದೆ ಎಂದು ಅದನ್ನು ದೂರ ಇಡುವ ಅಗತ್ಯವಿಲ್ಲ. ಎಚ್ಚರ ಬೇಕಾಗಿರುವುದು ನಿಮ್ಮ ಕೈಗೆ. ಕೈಯಲ್ಲಿ ಗೀರು ಇದ್ದು ಪುಕ್ಕದ ಮೇಲಿನ ಹಸಿ ಜೊಲ್ಲು ತಾಗಿದರೆ, ಸೋಪು ಹಾಕಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ.

ಈಗ ಕೀವಿನ ವಿಷಯ. ನಮ್ಮ ಗಾಯ ಕೆಟ್ಟರೆ ಕೀವು ಒಸರುತ್ತದೆ, ವಾಸನೆ ಬರುತ್ತದೆ, ನಮಗೆ ಗೊತ್ತಾಗುತ್ತದೆ. ಕೋಳಿಯ ಗಾಯದಿಂದ ಏನೂ ಸೋರದಿದ್ದರೆ ವಾಸಿಯಾಗುತ್ತಿದೆ ಎಂದು ನಂಬುತ್ತೇವೆ. ಇದೇ ದೊಡ್ಡ ಮೋಸ. ನಮ್ಮ ರಕ್ತದಲ್ಲಿ ರೋಗಾಣುಗಳ ಮೇಲೆ ಮೊದಲು ಬೀಳುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಅದರೊಳಗೆ ಮೈಯಲೋಪೆರಾಕ್ಸಿಡೇಸ್ ಎಂಬ ಕಿಣ್ವವಿದೆ. ನಮ್ಮ ಕೀವಿಗೆ ಹಸಿರು ಛಾಯೆ ಕೊಡುವುದು ಅದೇ. ಜೊತೆಗೆ ಸತ್ತ ಜೀವಕೋಶಗಳನ್ನು ಕರಗಿಸುವ ಕಿಣ್ವಗಳೂ ಇವೆ, ಹಾಗಾಗಿ ಕೀವು ನೀರಾಗಿ ಹೊರಗೆ ಹರಿಯುತ್ತದೆ. ಹಕ್ಕಿಗಳಲ್ಲಿ ಈ ಕೆಲಸ ಹೆಟೆರೋಫಿಲ್ ಎಂಬ ಕಣದ್ದು. ಅದರಲ್ಲಿ ಮೈಯಲೋಪೆರಾಕ್ಸಿಡೇಸ್ ಇಲ್ಲ, ಕರಗಿಸುವ ಶಕ್ತಿಯೂ ಸಾಲದು. ಸತ್ತ ಕಣಗಳು ಕರಗುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳ ಜೊತೆ ಸೇರಿ ಹಾಲಿನ ಪನೀರ್ ಹಾಗೆ ಗಟ್ಟಿಯಾಗುತ್ತವೆ. ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ. ಇದನ್ನು ಹಿಂಡಿದರೆ ಹೊರಗೆ ಬರುವುದಿಲ್ಲ. ಗೋಡೆಯೊಳಕ್ಕೆ ಔಷಧಿ ಸರಿಯಾಗಿ ಇಳಿಯುವುದೂ ಇಲ್ಲ. ಪಶುವೈದ್ಯರು ಕೊಯ್ದು ಗಡ್ಡೆಯನ್ನೇ ತೆಗೆಯಬೇಕಾಗುತ್ತದೆ. ಆದ್ದರಿಂದ ಗಟ್ಟಿಯಾಗುವ ಮೊದಲೇ, ಕಚ್ಚಿದ ದಿನವೇ, ಪಶು ಆಸ್ಪತ್ರೆಗೆ ಒಯ್ಯುವುದು ಲೇಸು. ಅಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಮೊಟ್ಟೆ ಎಷ್ಟು ದಿನ ತಿನ್ನಬಾರದು ಎಂದು ಕೇಳಿಕೊಂಡೇ ಬನ್ನಿ.

ಅರಿಸಿನವೋ ಕಾಫಿ ಪುಡಿಯೋ ತೂತಿಗೆ ತುಂಬಿದರೆ ಬಾಯಿ ಮುಚ್ಚಿಹೋಗುತ್ತದೆ, ಕೊಳೆ ಒಳಗೇ ಉಳಿಯುತ್ತದೆ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ನಿಂತ ಮೇಲೆ ಸುತ್ತಲಿನ ಪುಕ್ಕ ಕತ್ತರಿಸಿ ಚರ್ಮ ಪೂರ್ತಿ ನೋಡಿ. ಒಂದು ತೂತು ಕಂಡರೆ ಎದುರು ಬದಿಯಲ್ಲೂ ಹುಡುಕಿ, ನಾಯಿಗೆ ಮೇಲೊಂದು ಕೆಳಗೊಂದು ಸಾಲು ಹಲ್ಲು ಅಲ್ವಾ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಧಾರಾಳವಾಗಿ ತೊಳೆಯಿರಿ. ಮೈ ಮುಟ್ಟಿದಾಗ ಚರ್ಮದಡಿ ಗಾಳಿ ಚರಚರ ಎಂದರೆ ಗಾಳಿಚೀಲ ತೂತಾಗಿರಬಹುದು. ಅಂಥ ಕಡೆ ಒಳಕ್ಕೆ ನೀರು ಬಿಡಲೇಬಾರದು, ಅದು ಉಸಿರಾಟದ ದಾರಿ. ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ಸ್ನಾಯು, ಇಲ್ಲ, ಎದೆಮೂಳೆ ಆಡಿದರೇ ಉಸಿರು. ಹಿಡಿಯುವಾಗ ಎದೆ ಬಿಗಿಹಿಡಿದರೆ ಉಸಿರುಗಟ್ಟುತ್ತದೆ.

ಆಮೇಲೆ ಬೆಚ್ಚಗಿನ, ಕತ್ತಲಿರುವ, ನೊಣ ಬಾರದ ಪೆಟ್ಟಿಗೆ ಬೇಕು. ನಮ್ಮ ಸೆಕೆಯಲ್ಲಿ ನೊಣದ ಮೊಟ್ಟೆ ಒಂದೇ ದಿನದಲ್ಲಿ ಒಡೆದು ಹುಳ ಬೀಳುತ್ತದೆ, ಹಾಗಾಗಿ ಗಾಯವನ್ನು ಬೆಳಿಗ್ಗೆ ಸಂಜೆ ನೋಡಬೇಕು. ನೀರು ಮೊದಲು, ಕಾಳು ಆಮೇಲೆ. ನೋವಿಗೆಂದು ಮನೆಯ ಮಾತ್ರೆ ಅರೆದು ಕುಡಿಸಬೇಡಿ. ಉಳಿದ ಕೋಳಿಗಳ ಜೊತೆ ಬಿಡಲು ಅವಸರವೂ ಬೇಡ. ಕೆಂಪು ಕಂಡರೆ ಅವು ಕುಕ್ಕುತ್ತವೆ. ಬುಡಸಮೇತ ಕಿತ್ತ ಪುಕ್ಕ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಅರ್ಧಕ್ಕೆ ಮುರಿದದ್ದು ಮಾತ್ರ ಮುಂದಿನ ಸಲ ಪುಕ್ಕ ಉದುರುವವರೆಗೂ ಹಾಗೇ ಇರುತ್ತದೆ.