ಮುಂಬೈ ಸೇಫಾ, ಪುಣೆ ಸೇಫಾ? ಮತ್ತೆ ಅದೇ ಪ್ರಶ್ನೆಗೆ

ಪ್ರಶ್ನೆ: ಮಗಳಿಗೆ ಎರಡು ಕಡೆ ಕೆಲಸ ಸಿಕ್ಕಿದೆ, ಮುಂಬೈಯ ಐರೋಲಿಯಲ್ಲೊಂದು, ಪುಣೆಯ ಹಿಂಜವಡಿಯಲ್ಲೊಂದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ಪಟ್ಟಿಯಲ್ಲಿ ಮುಂಬೈಗಿಂತ ಪುಣೆಯ ಅಪರಾಧ ದರ ಎಷ್ಟೋ ಕಡಿಮೆ ಇದೆ. ಹಾಗಾದರೆ ಪುಣೆಗೆ ಕಳಿಸುವುದೇ ಒಳ್ಳೆಯದಲ್ಲವೇ?

ಊರಿನ ಹೆಸರು ಬದಲಾಗುತ್ತದೆ, ಮಗಳ ಜಾಗದಲ್ಲಿ ತಂಗಿಯೋ ಸೊಸೆಯೋ ಬರುತ್ತಾಳೆ, ಪ್ರಶ್ನೆ ಮಾತ್ರ ಇದೇ. ಈ ಸಲ ವಿವರವಾಗಿಯೇ ಬರೆಯುತ್ತೇನೆ. ಇನ್ನು ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ಕಳಿಸಿ.

ಐರೋಲಿ ಮುಂಬೈ ಪೊಲೀಸರ ವ್ಯಾಪ್ತಿಗೆ ಬರುವುದಿಲ್ಲ, ಅದು ನವಿ ಮುಂಬೈ ಕಮಿಷನರೇಟಿನದು. ಹಿಂಜವಡಿಯೂ ಪುಣೆ ಪೊಲೀಸರದ್ದಲ್ಲ. 2018ರ ಆಗಸ್ಟ್ 15ರಂದು ಪಿಂಪ್ರಿ-ಚಿಂಚ್‌ವಡ್‌ಗೆ ಬೇರೆಯೇ ಕಮಿಷನರೇಟ್ ಬಂತು. ಹಿಂಜವಡಿ, ವಾಕಡ್ ಎರಡೂ ಅದಕ್ಕೆ ಸೇರಿದವು. ನೀವು ಹೆಸರಿಸಿದ ಎರಡು ನಗರಗಳ ಪೊಲೀಸರಿಗೂ ನಿಮ್ಮ ಮಗಳ ಆಫೀಸಿನ ರಸ್ತೆಗೂ ಸಂಬಂಧವೇ ಇಲ್ಲ. ಪ್ರಶ್ನೆ ಇಲ್ಲೇ ಅರ್ಧ ಬಿದ್ದುಹೋಯಿತು.

ಇನ್ನರ್ಧ ಆ ಪಟ್ಟಿಯ ಮೇಲಿನ ನಂಬಿಕೆ. ಎಷ್ಟು ಹೇಳಿದರೂ ಹೋಗದ ನಂಬಿಕೆ ಅದು. ಪಟ್ಟಿಯಲ್ಲಿ ಇರುವುದು 2011ರ ಜನಗಣತಿಯ ಪ್ರಕಾರ 20 ಲಕ್ಷಕ್ಕಿಂತ ಹೆಚ್ಚು ಜನರಿರುವ 19 ಮಹಾನಗರಗಳು. ಮಂಗಳೂರು, ಹುಬ್ಬಳ್ಳಿ, ಪಣಜಿ ಯಾವುದೂ ಅದರಲ್ಲಿಲ್ಲ. ಬಹಳ ಓಡಾಡಿದ 2021ರ ಅಂಕಿಗಳನ್ನೇ ತೆಗೆದುಕೊಳ್ಳಿ. ಲಕ್ಷ ಜನಕ್ಕೆ ಮುಂಬೈಯಲ್ಲಿ 428.4 ಪ್ರಕರಣ, ಪುಣೆಯಲ್ಲಿ 256.8, ಕೋಲ್ಕತ್ತಾದಲ್ಲಿ 103.4. ‘ದೇಶದ ಅತಿ ಸುರಕ್ಷಿತ ನಗರ ಕೋಲ್ಕತ್ತಾ’ ಎಂದು ಪೇಪರುಗಳು ಬರೆದವು.

ದರ ಅಂದರೆ ಭಾಗಾಕಾರ. ಮೇಲೆ ಪ್ರಕರಣ, ಕೆಳಗೆ ಜನಸಂಖ್ಯೆ. ಮುಂಬೈಗೆ ಕೆಳಗೆ ಹಾಕಿರುವುದು 184.1 ಲಕ್ಷ. ಮುಂಬೈ ಮಹಾನಗರ ಪಾಲಿಕೆ (ಬಿಎಂಸಿ) ವ್ಯಾಪ್ತಿಯ 2011ರ ಜನಸಂಖ್ಯೆ 124.4 ಲಕ್ಷ ಮಾತ್ರ. ಮಿಕ್ಕ ಅರವತ್ತು ಲಕ್ಷ ಎಲ್ಲಿಂದ ಬಂದರು? ಥಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬೈ, ಮೀರಾ-ಭಾಯಂದರ್, ಉಲ್ಲಾಸನಗರದಿಂದ. ಜನಗಣತಿಯವರು ಇದನ್ನೆಲ್ಲ ಸೇರಿಸಿ ಒಂದೇ ನಗರ ಸಮೂಹ ಎಂದರು, ಎನ್‌ಸಿಆರ್‌ಬಿ ಆ ಅಂಕಿಯನ್ನೇ ಎತ್ತಿಕೊಂಡಿತು. ಪ್ರಕರಣಗಳು ಮಾತ್ರ ಕೊಲಾಬಾದಿಂದ ದಹಿಸರ್, ಮುಲುಂಡ್, ಮಾನ್‌ಖುರ್ದ್‌ವರೆಗಿನ ಮುಂಬೈ ಠಾಣೆಗಳವು. ಮಾಟುಂಗದ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಣವನ್ನು ಡೊಂಬಿವಲಿ ಹೋಟೆಲಿನ ಗಿರಾಕಿಗಳನ್ನೂ ಸೇರಿಸಿ ಭಾಗಿಸಿದ ಹಾಗೆ.

ಕ್ಯಾಲ್ಕ್ಯುಲೇಟರ್ ತೆಗೆಯಿರಿ. 428.4 ಗುಣಿಸು 184.1, ಸುಮಾರು 78,868 ಪ್ರಕರಣ. ಅದನ್ನು 124.4ರಿಂದ ಭಾಗಿಸಿದರೆ 634. ಕೋಲ್ಕತ್ತಾಗೂ ಹಾಗೇ ಮಾಡಿ. ಅಲ್ಲಿ ಕೆಳಗಿರುವುದು 141.1 ಲಕ್ಷ, ಕಾರ್ಪೊರೇಷನ್ನಿನ ಜನಸಂಖ್ಯೆ 45 ಲಕ್ಷ. 103.4 ಇದ್ದದ್ದು 324 ಆಗುತ್ತದೆ, ಪಟ್ಟಿಯಲ್ಲಿ ಪುಣೆಗಿಂತ ಮೇಲೆ! ಒಬ್ಬ ಕಳ್ಳನೂ ಹೆಚ್ಚಾಗದೆ ‘ಅತಿ ಸುರಕ್ಷಿತ ನಗರ’ದ ದರ ಮೂರು ಪಟ್ಟಾಯಿತು.

‘ಹಾಗಾದರೆ ಮುಂಬೈ ಇನ್ನೂ ಕೆಟ್ಟದ್ದು ಅಂತಾಯ್ತಲ್ಲ?’ ಇಲ್ಲ, ನಿಲ್ಲಿ. ಮೇಲಿನ ಅಂಕಿಗೂ ಅಷ್ಟೇ ರೋಗವಿದೆ.

ಅಲ್ಲಿ ಎಣಿಸುವುದು ನಡೆದ ಅಪರಾಧವನ್ನಲ್ಲ, ಠಾಣೆಯಲ್ಲಿ ದಾಖಲಾದ ಎಫ್‌ಐಆರ್‌ಗಳನ್ನು. ಅಪರಾಧ ಹೆಚ್ಚುವುದೂ ಅಪರಾಧದ ದಾಖಲಾತಿ ಹೆಚ್ಚುವುದೂ ಒಂದೇ ಅಲ್ಲವೆಂದು ಎನ್‌ಸಿಆರ್‌ಬಿ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಅದನ್ನು ಯಾರೂ ಓದುವುದಿಲ್ಲ, ಪಟ್ಟಿಯ ಫೋಟೊ ಮಾತ್ರ ಫಾರ್ವರ್ಡ್ ಆಗುತ್ತದೆ. ಒಂದು ಎಫ್‌ಐಆರ್‌ನಲ್ಲಿ ಐದು ಸೆಕ್ಷನ್ ಇದ್ದರೂ ಅತಿ ಗಂಭೀರವಾದ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಕಾಲಮ್ಮಿಗೆ ಹೋಗುತ್ತದೆ. ಸರ್ಕಾರಿ ಆದೇಶ ಉಲ್ಲಂಘಿಸಿದ, ಹಳೆಯ ಐಪಿಸಿಯ ಸೆಕ್ಷನ್ 188ರ ಪ್ರಕರಣಗಳು 2019ರಲ್ಲಿ ದೇಶದಾದ್ಯಂತ 29,469 ಇದ್ದವು, 2020ರಲ್ಲಿ 6,12,179 ಆದವು. ಲಾಕ್‌ಡೌನಿನಲ್ಲಿ ಹೊರಗೆ ಬಂದವರೆಲ್ಲ ‘ಅಪರಾಧ ದರ’ವಾದರು. ಆ ವರ್ಷ ಯಾವ ನಗರದ ದರ ಏರಿದೆಯೋ ಅಲ್ಲಿ ಪೊಲೀಸರು ಪೆನ್ನು ಹೆಚ್ಚು ಓಡಿಸಿದ್ದಾರೆ, ಅಷ್ಟೇ.

ಈಗ ಮೊಬೈಲ್. ಲೋಕಲ್ ಹತ್ತುವಾಗ ಜೇಬಿನಿಂದ ಹೋದ ಫೋನನ್ನು ನೀವು ‘ಕಳೆದುಹೋಗಿದೆ’ ಎಂದು ಬರೆಸಿಕೊಟ್ಟರೆ ಅದು ಮಿಸ್ಸಿಂಗ್ ರಿಪೋರ್ಟ್. ಸಿಮ್ ಸಿಗುತ್ತದೆ, ಅಪರಾಧ ಮಾತ್ರ ಆಗಿಲ್ಲ. ಕೈಕೈ ಮಿಲಾಯಿಸಿದ್ದು, ಬೈದದ್ದು ಎನ್‌ಸಿ (ಅಸಂಜ್ಞೇಯ, ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಪ್ರಕರಣ) ಆಗುತ್ತದೆ, ಅದೂ ಎಫ್‌ಐಆರ್ ಅಲ್ಲ. 2024ರ ಜುಲೈ 1ರಿಂದ ಐಪಿಸಿಯ ಬದಲಿಗೆ ಬಂದ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಸಲದ ಕಳ್ಳತನ, ಮಾಲು ವಾಪಸಾದರೆ, ಸಮುದಾಯ ಸೇವೆಯ ಶಿಕ್ಷೆಗೆ ಇಳಿದಿದೆ. ಅದನ್ನು ಅಸಂಜ್ಞೇಯದ ಸಾಲಿಗೂ ಹಾಕಿದ್ದಾರೆ. ಇನ್ನು ರೈಲಿನೊಳಗೆ, ಪ್ಲಾಟ್‌ಫಾರಂ ಮೇಲೆ ಆದದ್ದೆಲ್ಲ ರೈಲ್ವೆ ಪೊಲೀಸರ ಪ್ರತ್ಯೇಕ ಕಮಿಷನರೇಟಿಗೆ ಸೇರುತ್ತದೆ, ನಿಮ್ಮ ಬಡಾವಣೆಯ ಠಾಣೆಗಲ್ಲ. ದಾದರ್ ಸ್ಟೇಷನ್ನಿನ ಜೇಬುಗಳ್ಳತನ ದಾದರ್ ಠಾಣೆಯ ಪುಸ್ತಕದಲ್ಲಿ ಕಾಣುವುದಿಲ್ಲ.

ಹಾಗಾಗಿ ಸುಲಭವಾಗಿ ದೂರು ಬರೆದುಕೊಳ್ಳುವ ಠಾಣೆ ‘ಅಪಾಯದ ಪ್ರದೇಶ’ವಾಗುತ್ತದೆ, ದೂರು ಕೊಡಲು ಬಂದವರನ್ನು ಸಾಗಹಾಕುವ ಠಾಣೆ ‘ಶಾಂತ ಪ್ರದೇಶ’ವಾಗುತ್ತದೆ. ನಗರ-ನಗರ ಹೋಲಿಸಲೇಬೇಕೆಂದು ಹಟವಿದ್ದರೆ ಎರಡೇ ಅಂಕಿ ನೋಡಿ, ಕೊಲೆ ಮತ್ತು ವಾಹನ ಕಳ್ಳತನ. ಹೆಣವನ್ನು ಮಿಸ್ಸಿಂಗ್ ರಿಪೋರ್ಟಿಗೆ ಹಾಕಲಾಗುವುದಿಲ್ಲ. ಎಫ್‌ಐಆರ್ ಇಲ್ಲದೆ ಬೈಕಿನ ಇನ್ಶೂರೆನ್ಸ್ ಸಿಗುವುದಿಲ್ಲ.

ಮಂಗಳೂರಿನವರು ಹೆಮ್ಮೆಯಿಂದ ಕಳಿಸುವ ಇನ್ನೊಂದು ಪಟ್ಟಿಯಿದೆ, ನಂಬಿಯೊದ್ದು. 2025ರಲ್ಲಿ ಅದರಲ್ಲಿ ಭಾರತದ ನಗರಗಳ ಪೈಕಿ ಮಂಗಳೂರು ಮೊದಲು ಬಂತು. ಸಂತೋಷವೇ, ಆದರೆ ಅದು ಆ ವೆಬ್‌ಸೈಟಿಗೆ ಬಂದವರು ‘ರಾತ್ರಿ ಒಬ್ಬರೇ ನಡೆಯಲು ಭಯವಾಗುತ್ತದಾ’ ಎಂಬಂಥ ಪ್ರಶ್ನೆಗಳಿಗೆ ಒತ್ತಿದ ಉತ್ತರಗಳ ಸರಾಸರಿ. ಅದರಲ್ಲಿ ಪೊಲೀಸ್ ದಾಖಲೆ ಒಂದೂ ಇಲ್ಲ. ಗೋವಾದ ಕತೆ ಇನ್ನೊಂದು ಬಗೆ. ಅಲ್ಲಿನ 2011ರ ಜನಸಂಖ್ಯೆ 14.58 ಲಕ್ಷ, ವರ್ಷಕ್ಕೆ ಬರುವ ಪ್ರವಾಸಿಗರು ಅದರ ಎಷ್ಟೋ ಪಟ್ಟು. ಕಲಂಗುಟದಲ್ಲಿ ಪ್ರವಾಸಿಯ ಬ್ಯಾಗು ಪ್ರವಾಸಿಯೇ ಕದ್ದರೂ ಭಾಗಿಸುವುದು ಊರವರ ತಲೆಯಿಂದ. ಇದನ್ನು ತಿಳಿಯದೆ ಅಲ್ಲಿನ ಝುವಾರಿನಗರದ ಕನ್ನಡಿಗರ ಕಡೆ ಬೊಟ್ಟು ಮಾಡುವವರಿಗೂ ಕಡಿಮೆಯಿಲ್ಲ.

ಮನೆ ಹುಡುಕುವವರು ಮಾಡಬೇಕಾದ್ದು ಬೇರೆ. ಮೊದಲು ಆ ಕಟ್ಟಡ ಯಾವ ಠಾಣೆಗೆ ಬರುತ್ತದೆ ಎಂದು ಸೊಸೈಟಿಯ ಸೆಕ್ರೆಟರಿಯನ್ನು ಕೇಳಿ. ರಸ್ತೆಯ ಎದುರುಬದಿ ಬೇರೆ ಠಾಣೆಗೆ ಸೇರಿರಬಹುದು. ಆಮೇಲೆ ಮಹಾರಾಷ್ಟ್ರ ಪೊಲೀಸರ ಸಿಟಿಜನ್ ಪೋರ್ಟಲ್‌ನಲ್ಲಿ ‘ಪಬ್ಲಿಶ್ಡ್ ಎಫ್‌ಐಆರ್’ ತೆರೆಯಿರಿ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಲ್ಲಿ ಹಾಕಬೇಕು. ಜಿಲ್ಲೆ ಎಂಬಲ್ಲಿ ಕಮಿಷನರೇಟ್, ಆಮೇಲೆ ಠಾಣೆ, ಆಮೇಲೆ ದಿನಾಂಕ. ಒಂದೊಂದೇ ತಿಂಗಳಿನಂತೆ ಮೂರು ತಿಂಗಳು ನೋಡಿದರೆ ಸಾಕು. ಎಫ್‌ಐಆರ್ ನಂಬರ್ ಪ್ರತಿ ಜನವರಿ 1ಕ್ಕೆ ಒಂದರಿಂದ ಶುರುವಾಗುತ್ತದೆ, ಹಾಗಾಗಿ ಡಿಸೆಂಬರಿನ ಕೊನೆಯ ನಂಬರೇ ಆ ಠಾಣೆಯ ವರ್ಷದ ಒಟ್ಟು. ಒಟ್ಟು ನೋಡಿ ಹೆದರಬೇಡಿ, ಸೆಕ್ಷನ್ ನೋಡಿ.

ನ್ಯಾಯ ಸಂಹಿತೆಯ 318(4) ಅಂದರೆ ವಂಚನೆ. ಜೊತೆಗೆ ಐಟಿ ಕಾಯ್ದೆಯ 66ಸಿ, 66ಡಿ ಇದ್ದರೆ ಅದು ಆನ್‌ಲೈನ್ ಮೋಸ. ಕಳ್ಳ ಸಾವಿರ ಕಿಲೋಮೀಟರ್ ದೂರದಲ್ಲಿರುತ್ತಾನೆ, ದೂರು ಮಾತ್ರ ಹಣ ಕಳೆದುಕೊಂಡವರ ಮನೆ ಹತ್ತಿರದ ಠಾಣೆಯಲ್ಲಿ. ದುಡ್ಡಿರುವ ಬಡಾವಣೆಯ ಪಟ್ಟಿ ಇದರಿಂದಲೇ ಉಬ್ಬುತ್ತದೆ, ನಿಮ್ಮ ಲೆಕ್ಕದಿಂದ ತೆಗೆದುಬಿಡಿ. ಗಮನ ಕೊಡಬೇಕಾದ್ದು 304ಕ್ಕೆ, ಅದು ಸರ ಅಥವಾ ಫೋನು ಕಿತ್ತುಕೊಂಡು ಓಡುವುದು. 305 ಮತ್ತು 331ಕ್ಕೆ, ಅವು ಮನೆಗಳ್ಳತನ ಮತ್ತು ಬೀಗ ಒಡೆಯುವುದು. 309ಕ್ಕೆ, ಅದು ಸುಲಿಗೆ. ಇವುಗಳಲ್ಲಿ ಹತ್ತನ್ನಾದರೂ ತೆರೆದು ಮೂರನೇ ಮತ್ತು ಐದನೇ ಕಾಲಂ ಓದಿ. ಮರಾಠಿಯಲ್ಲಿರುತ್ತದೆ, ಅರ್ಥವಾಗದಿರುವಂಥದ್ದೇನಲ್ಲ. ಮೂರರಲ್ಲಿ ಘಟನೆಯ ದಿನ, ಹೊತ್ತು. ಐದರಲ್ಲಿ ಜಾಗ, ಠಾಣೆಯಿಂದ ಯಾವ ದಿಕ್ಕಿಗೆ ಎಷ್ಟು ದೂರ. ಸರಗಳ್ಳತನವೆಲ್ಲ ಬೆಳಗಿನ ಆರರಿಂದ ಏಳರ ನಡುವೆ ಒಂದೇ ರಸ್ತೆಯಲ್ಲಿ ಆಗಿದ್ದರೆ, ತಪ್ಪಿಸಬೇಕಾದ್ದು ಆ ರಸ್ತೆಯನ್ನು, ಆ ಹೊತ್ತಿನಲ್ಲಿ. ಇಡೀ ಉಪನಗರವನ್ನಲ್ಲ.

ಒಂದು ದೊಡ್ಡ ಕೊರತೆ ಇದೆ. ಲೈಂಗಿಕ ಅಪರಾಧ ಮತ್ತು ಪೋಕ್ಸೊ ಎಫ್‌ಐಆರ್‌ಗಳನ್ನು ಆನ್‌ಲೈನ್ ಹಾಕುವುದಿಲ್ಲ, ಹಾಕಲೂಬಾರದು. ಮಗಳ ವಿಷಯದಲ್ಲಿ ನಿಮಗೆ ಮುಖ್ಯವಾದ ಸಾಲುಗಳೇ ಅಲ್ಲಿರುವುದಿಲ್ಲ. ಅದಕ್ಕೆ ಕಾಲನ್ನೇ ನಂಬಬೇಕು. ಬ್ರೋಕರ್ ಭಾನುವಾರ ಹಗಲು ಹನ್ನೊಂದಕ್ಕೆ ಮನೆ ತೋರಿಸುತ್ತಾನೆ. ನೀವು ವಾರದ ನಡುವೆ ರಾತ್ರಿ ಹತ್ತೂವರೆಗೆ ಸ್ಟೇಷನ್ನಿನಿಂದಲೋ ಬಸ್ ಸ್ಟಾಪಿನಿಂದಲೋ ನಡೆದು ಬನ್ನಿ. ತೆರೆದಿರುವ ಅಂಗಡಿಗಳನ್ನು ಎಣಿಸಿ, ದೀಪವಿಲ್ಲದ ಕಂಬಗಳನ್ನು ಎಣಿಸಿ, ಶೇರ್ ಆಟೊ ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದು ಕೇಳಿ. ವಾಚ್‌ಮನ್ ಹಗಲು ಇನ್ನೊಂದು ಸೊಸೈಟಿಯಲ್ಲಿ ಡ್ಯೂಟಿ ಮಾಡಿ ಬಂದವನಾದರೆ ರಾತ್ರಿ ಎರಡಕ್ಕೆ ಎಚ್ಚರವಿರುವುದಿಲ್ಲ, ತಪ್ಪು ಅವನದೂ ಅಲ್ಲ. ಸಿಸಿಟಿವಿ ಇದೆ ಎಂದರೆ ನಿನ್ನೆ ರಾತ್ರಿ ಎರಡು ಗಂಟೆಯದ್ದು ತೋರಿಸಿ ಎನ್ನಿ. ಗೇಟಿನಲ್ಲಿ ನಿಂತ ಬೈಕಿನ ನಂಬರ್ ಓದಲಾಗುತ್ತದಾ? ತೆರೆಯ ಮೂಲೆಯ ಗಡಿಯಾರ ಸರಿಯಾಗಿದೆಯಾ? ಗಡಿಯಾರವೇ ನಲವತ್ತು ನಿಮಿಷ ಹಿಂದಿದ್ದರೆ ಆ ಸಿಸ್ಟಮನ್ನು ಯಾರೂ ತೆರೆದು ನೋಡಿಲ್ಲ ಎಂದರ್ಥ.

ರಾತ್ರಿ ಪಾಳಿಯಾದರೆ ಎಚ್‌ಆರ್‌ಗೆ ಒಂದೇ ಪ್ರಶ್ನೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಂತೆ ರಾತ್ರಿ 9.30ರ ನಂತರ ಮಹಿಳೆಯಿಂದ ಕೆಲಸ ಮಾಡಿಸಲು ಆಕೆಯ ಒಪ್ಪಿಗೆ ಬೇಕು, ಮನೆ ಬಾಗಿಲವರೆಗೆ ವಾಹನವನ್ನೂ ಕೊಡಬೇಕು. ಕ್ಯಾಬ್ ವಾಕಡ್ ಸೇತುವೆಯ ಕೆಳಗೆ ಇಳಿಸಿ ಹೋಗುತ್ತದೋ, ಕಟ್ಟಡದ ಗೇಟಿಗೇ ಬರುತ್ತದೋ ಕೇಳಿಕೊಳ್ಳಿ.

ಯಾರೂ ಕೇಳದ ಪ್ರಶ್ನೆಯೊಂದಿದೆ, ಹೇಳದೆ ಬಿಡಲಾರೆ. ಮುಂಬೈಯಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಆಗುವ ಕೊಲೆಗಳು ಇನ್ನೂರು ಮುಟ್ಟುವುದಿಲ್ಲ. ಉಪನಗರ ರೈಲು ಮಾರ್ಗದಲ್ಲಿ ಸಾಯುವವರು ಎರಡು ಸಾವಿರಕ್ಕೂ ಹೆಚ್ಚು. ಅದರಲ್ಲಿ ಅಪಘಾತದ ಸಾವುಗಳು ಹೆಚ್ಚಾಗಿ ಹಳಿ ದಾಟುವಾಗ, ಆಮೇಲೆ ಬಾಗಿಲಿನಿಂದ ಬಿದ್ದು. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದದ್ದು ಎಲ್ಲರಿಗೂ ನೆನಪಿದೆ. ಉಳಿದ ದಿನಗಳ ಸಾವು ಸುದ್ದಿಯಾಗುವುದಿಲ್ಲ. ಬಾಗಿಲಲ್ಲಿ ಫೋನ್ ಹಿಡಿದು ನಿಂತವರ ಕೈಗೆ ಹಳಿ ಪಕ್ಕದಿಂದ ಕೋಲಿನಲ್ಲಿ ಹೊಡೆಯುವ ಫಟ್ಕಾ ಗ್ಯಾಂಗಿನವರಿಗೆ ಬೇಕಾದ್ದು ಫೋನು, ಕೆಲವೊಮ್ಮೆ ಅದರ ಹಿಂದೆ ಮನುಷ್ಯನೂ ಕೆಳಗೆ ಬೀಳುತ್ತಾನೆ.

ಆದ್ದರಿಂದ ಐರೋಲಿಯ ಕೆಲಸ ಒಪ್ಪಿಕೊಂಡು ಬಾಡಿಗೆ ಕಡಿಮೆ ಎಂದು ಡೊಂಬಿವಲಿಯಲ್ಲಿ ಮನೆ ನೋಡುವುದಾದರೆ, ದಿನಾ ಎರಡು ಸಲ ಥಾಣೆಯಲ್ಲಿ ಗಾಡಿ ಬದಲಿಸಬೇಕೆಂಬುದನ್ನು ಬಾಡಿಗೆಯ ಜೊತೆಗೇ ಲೆಕ್ಕ ಹಾಕಿ. ಬೆಳಿಗ್ಗೆ ಎಂಟಕ್ಕೆ ಆ ಸ್ಟೇಷನ್ನಿಗೆ ಹೋಗಿ, ಮನೆಯಿಂದ ಪ್ಲಾಟ್‌ಫಾರಂವರೆಗಿನ ದಾರಿ ನೋಡಿ. ಸೇತುವೆ ಮನೆಯ ಬದಿಗೆ ಇಳಿಯುತ್ತದಾ, ಅಥವಾ ಅರ್ಧ ಕಿಲೋಮೀಟರ್ ಸುತ್ತಬೇಕಾ? ಹಳಿಯ ಪಕ್ಕದ ಕಾಂಪೌಂಡ್ ಗೋಡೆಯಲ್ಲಿ ಮನುಷ್ಯ ನುಸುಳುವಷ್ಟು ಕಿಂಡಿಯಿದ್ದು, ಅದರ ಮುಂದೆ ಹುಲ್ಲು ಸವೆದು ಕಾಲುದಾರಿ ಬಿದ್ದಿದ್ದರೆ, ಆ ಬದಿಯ ಮನೆ ಬೇಡ.