ಭ್ರೂಣ ಎರಡೇ ಕೋಶಕ್ಕೆ ಯಾಕೆ ನಿಂತೋಗ್ತಿತ್ತು? ಉಪ್ಪಿನ ಹಳೇ ಕತೆ

ಡೊಂಬಿವಲಿಯಲ್ಲಿರೋ ನಮ್ಮಕ್ಕನ ಮಗಳು ಐವಿಎಫ್ ಲ್ಯಾಬಲ್ಲಿ ಎಂಬ್ರಿಯಾಲಜಿಸ್ಟ್, ಅಂದ್ರೆ ದೇಹದ ಹೊರಗೆ ಭ್ರೂಣ ಬೆಳೆಸೋ ಕೆಲಸ. ಮೊನ್ನೆ ಮಾಟುಂಗಾ ಮಾರ್ಕೆಟಿಂದ ತಂದ ಮಾವಿನ ಮಿಡಿನ ಉಪ್ಪಲ್ಲಿ ಹಾಕ್ತಾ ಕೂತಿದ್ದೆ, ಅವಳು ನೋಡಿ "ಮಾವ, ಇದೊಂದು ಆಗ್ಬಾರ್ದು ಅಂತಾನೇ ನಾವು ಲ್ಯಾಬಲ್ಲಿ ದಿನವಿಡೀ ಒದ್ದಾಡೋದು" ಅಂದ್ಲು. ಹೊರಗೆ ಉಪ್ಪು ಜಾಸ್ತಿ ಆದ್ರೆ ಒಳಗಿನ ನೀರು ಹೊರಗೆ ಬಂದು ಮಿಡಿ ಸುಕ್ಕಾಗುತ್ತಲ್ಲ, ಭ್ರೂಣಕ್ಕೂ ಅದೇ ಕಾಟ ಅಂತೆ.

1956ರಲ್ಲಿ ಕ್ಯಾನ್‌ಬೆರಾದ ವಿಜ್ಞಾನಿ ವೆಸ್ಲಿ ವಿಟನ್ ಇಲಿಯ ಎಂಟು ಕೋಶದ ಭ್ರೂಣನ ಸಾದಾ ಉಪ್ಪುನೀರಿನಂಥ ದ್ರಾವಣದಲ್ಲಿ, ಒಂಚೂರು ಗ್ಲೂಕೋಸು, ಆಲ್ಬುಮಿನ್ ಅನ್ನೋ ಪ್ರೋಟೀನು ಹಾಕಿ ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಅಂಟ್ಕೊಳ್ಳೋಕೆ ಮುಂಚಿನ ಟೊಳ್ಳು ಚೆಂಡಿನ ಹಂತ) ತನಕ ಬೆಳೆಸಿದ್ರು. ಎರಡೇ ವರ್ಷಕ್ಕೆ, 1958ರಲ್ಲಿ, ಆ್ಯನ್ ಮೆಕ್‌ಲಾರೆನ್ ಮತ್ತೆ ಜಾನ್ ಬಿಗರ್ಸ್ ಹಾಗೆ ಡಿಶ್‌ನಲ್ಲಿ ಬೆಳೆದಿದ್ದನ್ನ ತಾಯಿ ಇಲಿಗೆ ಹಾಕಿ ಮರಿನೂ ಹುಟ್ಟಿಸಿದ್ರು. ಆದ್ರೆ ಒಂದೇ ಕೋಶದಿಂದ ಶುರು ಮಾಡಿದ್ರೆ ಬಹಳಷ್ಟು ತಳಿಗಳಲ್ಲಿ ಅದು ಎರಡು ಕೋಶ ಆಗಿ ಅಲ್ಲೇ ನಿಂತೋಗೋದು. ಇದಕ್ಕೆ ಟೂ-ಸೆಲ್ ಬ್ಲಾಕ್ ಅಂತ ಹೆಸರಿಟ್ರು. ಕೆಲವು ಮಿಶ್ರತಳಿ ಮಾತ್ರ ದಾಟ್ತಿದ್ದವು, 1968ರಲ್ಲಿ ವಿಟನ್, ಬಿಗರ್ಸ್ ಅದನ್ನ ತೋರ್ಸಿದ್ರು, ಹಾಗಾಗಿ ತಳಿದೇ ದೋಷ ಅನ್ನೋ ಮಾತು ಸುಲಭವಾಗಿ ನಿಂತ್ಕೊಂಡ್ತು. ನನಗನ್ಸೋದು, ಅಡುಗೆ ಕೆಟ್ರೆ ಅಕ್ಕಿನ ಬೈದ ಹಾಗೆ ಇದು.

1989ರಲ್ಲಿ ಸಿಝಡ್‌ಬಿ ಅನ್ನೋ ಮೀಡಿಯಂ (ಭ್ರೂಣ ಬೆಳೆಸೋ ದ್ರಾವಣ) ಬಂತು, ಗ್ಲೂಕೋಸ್ ತೆಗೆದು ಗ್ಲುಟಮಿನ್ ಅನ್ನೋ ಅಮೈನೋ ಆಮ್ಲ, ಲೋಹದ ಅಯಾನು ಹಿಡಿದಿಡೋ ಇಡಿಟಿಎ ಹಾಕಿದ್ದು, ಉಪ್ಪೂ ಕಮ್ಮಿ. ಅದ್ರಲ್ಲಿ ಹಟಮಾರಿ ತಳಿಗಳೂ ದಾಟಿದ್ವು! ಆಮೇಲೆ ಲಾವಿಟ್ಸ್ ಮತ್ತು ಅದೇ ಬಿಗರ್ಸ್ ಒಂದು ಉಪಾಯ ಮಾಡಿದ್ರು, ಒಂದು ಸುತ್ತಿನ ರಿಸಲ್ಟ್ ನೋಡಿ ಮುಂದಿನ ರೆಸಿಪಿ ಏನಿರಬೇಕು ಅಂತ ಲೆಕ್ಕ ಹಾಕೋ ಸಿಂಪ್ಲೆಕ್ಸ್ ವಿಧಾನ. 1993ರ ಹೊತ್ತಿಗೆ ಕೆಎಸ್‌ಒಎಂ ಅನ್ನೋ ಮೀಡಿಯಂ ತಯಾರಾಯ್ತು, ಇವತ್ತಿಗೂ ಇಲಿ ಲ್ಯಾಬ್‌ಗಳಲ್ಲಿ ಅದೇ. ಲೀಟರಿಗೆ ಅಡುಗೆ ಉಪ್ಪು ಸುಮಾರು 5.5 ಗ್ರಾಂ, ಆಸ್ಪತ್ರೆಯ ಸಲೈನ್ ಬಾಟ್ಲಿಲಿ 9 ಇರುತ್ತೆ. ಬೇರೆ ಲವಣ ಎಲ್ಲಾ ಸೇರಿ ಆಸ್ಮೊಲಾಲಿಟಿ, ಅಂದ್ರೆ ನೀರಲ್ಲಿ ಕರಗಿದ ಕಣಗಳ ಒಟ್ಟು ಲೆಕ್ಕ, 250 ಮಿಲಿಆಸ್ಮೋಲ್ ಆಸುಪಾಸು.

ಇಲ್ಲೇ ನಂಗೆ ತಲೆ ಕೆಟ್ಟಿದ್ದು. ಇಲಿಯ ಅಂಡನಾಳದೊಳಗೆ ಅದು ಸುಮಾರು 300 ಇರುತ್ತಂತೆ! ತಾಯಿ ಹೊಟ್ಟೇಲಿ ಆ ಉಪ್ಪಲ್ಲಿ ಆರಾಮಾಗಿರೋದು ಡಿಶ್‌ಗೆ ಬಂದ್ರೆ ಯಾಕೆ ನಿಲ್ಲುತ್ತೆ? ಒಟ್ಟಾವಾದ ಜೇ ಬಾಲ್ಟ್ಸ್ ಅವರ ಲ್ಯಾಬಿನ ಕೆಲಸದಿಂದ ಇದು ಬಿಡಿಸಿಕೊಂಡ್ತು. ಸುಕ್ಕಾಗೋಕೆ ಶುರುವಾದ ಕೋಶ ನೀರು ಉಳಿಸ್ಕೊಳ್ಳೋಕೆ ಏನಾದ್ರೂ ಒಳಗೆ ಎಳ್ಕೋಬೇಕು. ಸೋಡಿಯಂ, ಕ್ಲೋರೈಡನ್ನೇ ಎಳ್ಕೊಂಡ್ರೆ ಒಳಗಿನ ಕೆಲಸ ಕೆಡುತ್ತೆ, ಅದಕ್ಕೆ ಗ್ಲೈಸಿನ್ ಥರದ ಅಮೈನೋ ಆಮ್ಲನ ತುಂಬ್ಕೊಳ್ಳುತ್ತೆ, ಅದು ಜಾಸ್ತಿ ಆದ್ರೂ ತೊಂದರೆ ಇಲ್ಲ. ಅಂಡನಾಳದಲ್ಲಿ ಗ್ಲೈಸಿನ್ ಬೇಕಾದಷ್ಟಿದೆ, ಹಳೇ ಮೀಡಿಯಂಗಳಲ್ಲಿ ಇರ್ಲೇ ಇಲ್ಲ. ಗ್ಲೈಸಿನ್ನೋ ಗ್ಲುಟಮಿನ್ನೋ ಹಾಕಿದ್ರೆ ಜಾಸ್ತಿ ಉಪ್ಪನ್ನೂ ತಡ್ಕೊಳ್ಳುತ್ತೆ. ಅಂದ್ರೆ ತಪ್ಪು ಬರೀ ಉಪ್ಪಿಂದೂ ಅಲ್ಲ, ತಳಿದಂತೂ ಅಲ್ಲ.

ಇದೆಲ್ಲ ಇಲಿ ಲೆಕ್ಕ, ಮನುಷ್ಯರಿಗೆ ನೇರವಾಗಿ ತರೋ ಹಾಗಿಲ್ಲ, ಇಲಿ ಭ್ರೂಣ ಎರಡು ಕೋಶದಲ್ಲೇ ತನ್ನ ಜೀನ್‌ಗಳನ್ನ ಆನ್ ಮಾಡ್ಕೊಂಡ್ರೆ, ಮನುಷ್ಯನದ್ದು ಜೋರಾಗಿ ಆನ್ ಮಾಡ್ಕೊಳ್ಳೋದೇ ನಾಲ್ಕರಿಂದ ಎಂಟು ಕೋಶದ ಹಂತದಲ್ಲಿ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಇಂದಿರಾ ಹಿಂದುಜಾ, ಟಿ.ಸಿ. ಆನಂದ್ ಕುಮಾರ್ ಅವರ ಟೆಸ್ಟ್ ಟ್ಯೂಬ್ ಬೇಬಿ ಹುಟ್ಟಿದ್ದು 1986ರ ಆಗಸ್ಟ್ 6ಕ್ಕೆ, ಅಂದ್ರೆ ಸಿಝಡ್‌ಬಿಗೂ ಮುಂಚೆ. (ಕೋಲ್ಕತ್ತಾದ ಸುಭಾಷ್ ಮುಖರ್ಜಿ 1978ರಲ್ಲೇ ಮಾಡಿದ್ರು ಅಂತ ಆಮೇಲೆ ಆನಂದ್ ಕುಮಾರ್ ಅವರೇ ಎದ್ದು ಹೇಳಿದ್ರು, ದೊಡ್ಡತನ ಅಂದ್ರೆ ಅದು.)

ಈಗ ಮೀಡಿಯಂ ರೆಡಿಯಾಗಿ ಬಾಟ್ಲಿಲಿ ಬರುತ್ತೆ, ಆದ್ರೂ ಉಪ್ಪಿನ ಕಾಟ ಹೋಗಿಲ್ಲ. 20 ಮೈಕ್ರೋಲೀಟರ್ ಹನಿ ಇಟ್ಟು ಹುಡ್‌ನ (ಲ್ಯಾಬಿನ ಶುದ್ಧ ಗಾಳಿ ಬೀಸೋ ಕೆಲಸದ ಜಾಗ) ಗಾಳಿಗೆ ಸುಮ್ನೆ ಬಿಟ್ರೆ ನೀರು ಆರಿ ಉಪ್ಪು ಏರುತ್ತೆ. ಅದಕ್ಕೆ ಹನಿ ಹಾಕಿದ ತಕ್ಷಣ ಮೇಲೆ ಎಣ್ಣೆ ಸುರಿತಾರೆ, 1963ರಲ್ಲಿ ರಾಲ್ಫ್ ಬ್ರಿನ್‌ಸ್ಟರ್ ಶುರು ಮಾಡಿದ ಪದ್ಧತಿ. "ನಿಮ್ಮ ಭರಣಿಗೂ ಎಣ್ಣೆ ಹಾಕ್ತೀರಲ್ಲ ಮಾವ" ಅಂದ್ಲು. ಮಿಡಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ, ಇವಳು ಮುಂಬೈಲೇ ಹುಟ್ಟಿ ಬೆಳೆದೋಳು.